ಹಗಲಲ್ಲಿ ಹುಡುಕಿದ ಕತ್ತಲೆ

ಕೋಲಾರದ ಸುತ್ತಮುತ್ತ ಕತ್ತಲೆಗೆ ಬರ ಬಂದಿದೆ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಹೋದ ಡಿಸೆಂಬರಿನಲ್ಲಿ ಅದನ್ನು ಹುಡುಕಿಕೊಂಡು ನಾನೇ ಊರೂರು ಅಲೆದ ಮೇಲೆ ನಂಬಿದೆ.

ನಾನು ಶಾಮಲಮ್ಮ, ಕೋಲಾರದ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯಿನಿ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲೂ ಹೇಳುತ್ತಾರೆ, ಶಾಲೆಯಲ್ಲೂ ಹೇಳುತ್ತಾರೆ. ಇರಲಿ, ಮೂಗು ನನ್ನದೇ ತಾನೆ. ಈ ಅಲೆದಾಟಕ್ಕೆ ಕಾರಣ ಒಂಬತ್ತನೇ ತರಗತಿಯ ಇಶ್ರತ್ ಎಂಬ ಹುಡುಗಿ. ಅವಳ ಚಿಕ್ಕಪ್ಪನ ಮಗ ಹುಡುಗರ ಶಾಲೆಯಲ್ಲಿ ಓದುತ್ತಾನೆ. ಹಿಂದಿನ ವರ್ಷ ಅವರ ಮೇಷ್ಟ್ರು ಹುಡುಗರನ್ನೆಲ್ಲ ರಾತ್ರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಉಲ್ಕಾಪಾತ ತೋರಿಸಿದ್ದರಂತೆ. ಆ ಹುಡುಗ ಮನೆಯಲ್ಲಿ ಅದನ್ನೇ ಹೇಳಿ ಹೇಳಿ ಇವಳ ತಲೆ ತಿಂದಿದ್ದ. ಇವಳು ವಿಜ್ಞಾನದ ಪಾಠದ ನಡುವೆ ಎದ್ದು ನಿಂತು, "ಮಿಸ್, ಅದು ಹುಡುಗರಿಗೆ ಮಾತ್ರ ಬೀಳುತ್ತಾ?" ಎಂದು ಕೇಳಿದಳು.

ವಿಜ್ಞಾನದ ಟೀಚರು ಕಹಕಶಾ ಆ ಪ್ರಶ್ನೆಯನ್ನು ಹಿಡಿದುಕೊಂಡು ನೇರವಾಗಿ ನನ್ನ ಕೊಠಡಿಗೆ ಬಂದಳು. ಇನ್ನೂ ಚಿಕ್ಕ ವಯಸ್ಸು, ಕೆಲಸಕ್ಕೆ ಸೇರಿ ಎರಡನೇ ವರ್ಷ. ಕಹಕಶಾ ಎಂದರೆ ಆಕಾಶಗಂಗೆ ಎಂದು ಅವಳೇ ಒಮ್ಮೆ ಹೇಳಿದ್ದಳು.

"ಹೆಸರಿಗೆ ತಕ್ಕ ಹುಚ್ಚು ಕಣೇ ನಿಂದು. ರಾತ್ರಿ ಹೊತ್ತು ಹೆಣ್ಣುಮಕ್ಕಳನ್ನ ಯಾರು ಕಳಿಸ್ತಾರೆ?" ಎಂದೆ.

"ನೀವು ಕೇಳಿದ್ರೆ ಕಳಿಸ್ತಾರೆ, ಮೇಡಂ. ನಾನು ಕೇಳಿದ್ರೆ ನನ್ನನ್ನೂ ಕಳಿಸಲ್ಲ."

ಮಾತು ನಿಜವಾಗಿತ್ತು. ಅದಕ್ಕೇ ನನಗೆ ಸಿಟ್ಟು ಬಂತು, ಆ ಸಿಟ್ಟಿನಲ್ಲೇ ಪೋಷಕರ ಸಭೆ ಕರೆದೆ.

ಸಭೆಯಲ್ಲಿ ಎಲ್ಲರೂ ಇಶ್ರತ್‌ಳ ಅಪ್ಪ ಅತೀಕ್ ಸಾಹೇಬರ ಮುಖ ನೋಡುತ್ತಿದ್ದರು. ಅವರದು ಹಾಸಿಗೆ ಅಂಗಡಿ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ನಾಲ್ಕು ಹೆಣ್ಣುಮಕ್ಕಳ ತಂದೆ. ಅವರು ಒಪ್ಪಿದರೆ ಉಳಿದ ಅಪ್ಪಂದಿರೂ ಒಪ್ಪುತ್ತಾರೆ, ಅವರು ಟೋಪಿ ಸರಿಮಾಡಿಕೊಂಡು ಎದ್ದು ಹೋದರೆ ಸಭೆ ಅಲ್ಲಿಗೇ ಮುಗಿಯುತ್ತದೆ. ಕೊನೆಗೆ ಅವರು ಹೇಳಿದರು:

"ನಾನೂ ಜೊತೆಗೆ ಬರ್ತೀನಿ, ಮೇಡಂ. ಹತ್ತೂವರೆಗೆಲ್ಲ ಮಕ್ಕಳು ಮನೇಲಿರಬೇಕು. ಒಂದ್ಸಲ ನೋಡೋಣ. ಸುಮ್ನೆ ಚಳೀಲಿ ಅಲೆದಾಡ್ಸಿ ಏನೂ ಇಲ್ದೆ ವಾಪಸ್ ಕರ್ಕೊಂಡು ಬಂದ್ರಿ ಅಂದ್ರೆ, ಮುಂದಕ್ಕೆ ರಾತ್ರಿ ಕಾರ್ಯಕ್ರಮ ಅಂತ ನನ್ನ ಹತ್ರ ಬರಬೇಡಿ. ನನ್ನ ನಾಲ್ಕು ಹೆಣ್ಣುಮಕ್ಕಳಿಗೂ ಸೇರಿಸಿ ಹೇಳ್ತಿದ್ದೀನಿ."

ಉಳಿದ ಅಪ್ಪಂದಿರು ತಲೆಯಾಡಿಸಿದರು. ಒಂದು ರಾತ್ರಿ ಸಿಕ್ಕಿತ್ತು. ಆ ಒಂದರ ಮೇಲೆ ಮುಂದಿನ ರಾತ್ರಿಗಳೆಲ್ಲ ನಿಂತಿದ್ದವು.

ಉಲ್ಕೆ ಕಾಣಬೇಕಾದರೆ ಕತ್ತಲೆ ಬೇಕು, ತೆರೆದ ಆಕಾಶ ಬೇಕು ಎಂದು ಕಹಕಶಾ ಹೇಳಿದಳು. ಹೆಣ್ಣುಮಕ್ಕಳು ಹೋಗಬೇಕಾದರೆ ಹತ್ತಿರದಲ್ಲಿ ಗೊತ್ತಿರುವವರ ಮನೆ ಬೇಕು, ಕಕ್ಕಸು ಬೇಕು, ವ್ಯಾನು ಹೋಗುವ ದಾರಿ ಬೇಕು ಎಂದು ನಾನು ಹೇಳಿದೆ. ಅವಳದು ಎರಡು, ನನ್ನದು ಮೂರು. ಈ ಐದೂ ಒಂದೇ ಕಡೆ ಸಿಗುವುದು ಎಷ್ಟು ಕಷ್ಟ ಎಂದು ಗಂಡಸರಿಗೆ ಗೊತ್ತಾಗುವುದಿಲ್ಲ. ಹುಡುಗರ ಮೇಷ್ಟ್ರು ಬೆಟ್ಟ ತೋರಿಸಿ ಹತ್ತಿ ಅಂದರಂತೆ, ಹುಡುಗರು ಹತ್ತಿದರಂತೆ, ಮುಗಿಯಿತು.

ಎರಡು ಭಾನುವಾರ ಹುಡುಕಿದೆವು. ನನ್ನ ಗಂಡ ಶಿವಶಂಕರ್ ಕಾರು ಓಡಿಸಿದರು. ಅಂತರಗಂಗೆಯ ಮೇಲೆ ನಿಂತು ನೋಡಿದರೆ ಇಡೀ ಕೋಲಾರ ಕಾಲಡಿಗೇ ಇದೆ, ರಾತ್ರಿ ಅಷ್ಟೂ ದೀಪ ಕಣ್ಣಿಗೆ ಹೊಡೆಯುತ್ತದೆ ಎಂದು ಬಿಟ್ಟೆವು. ಮಾಲೂರಿನ ಕಡೆ ಕಾರ್ಖಾನೆಗಳು. ಮುಳಬಾಗಿಲಿನ ಹತ್ತಿರ ಒಳ್ಳೆಯ ಗುಡ್ಡವೊಂದಿತ್ತು. ಕುರಿ ಕಾಯುತ್ತಿದ್ದ ಚನ್ನರಾಯಪ್ಪ ಎಂಬ ಮುದುಕ, "ಚಿರುತ ಬಂದೈತೆ ಅಂತಾರಮ್ಮ, ನಾನಂತೂ ನೋಡಿಲ್ಲ" ಎಂದ. ಅವನು ನೋಡದಿದ್ದರೂ ಸುದ್ದಿ ಅತೀಕ್ ಸಾಹೇಬರ ಕಿವಿಗೆ ಬಿದ್ದರೆ ಸಾಕಿತ್ತು. ಕ್ಯಾಲನೂರಿನ ಹತ್ತಿರ ನಾನು ಚಿಕ್ಕಂದಿನಿಂದ ನೋಡಿದ್ದ ಕೆರೆಯಂಗಳ ನೆನಪಾಯಿತು. ಆಗ ಅದು ಬಟಾಬಯಲು, ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಹೋಗಿ ನೋಡಿದರೆ ಬೆಂಗಳೂರಿನಿಂದ ಪೈಪಿನಲ್ಲಿ ಬಂದ ನೀರು ಕಟ್ಟೆಯವರೆಗೂ ತುಂಬಿ ನಿಂತಿದೆ. ಸೊಳ್ಳೆಯ ಗುಂಪು ನಮ್ಮನ್ನು ಕಾರಿನ ತನಕ ಬೀಳ್ಕೊಟ್ಟಿತು.

ಕೊನೆಗೆ ಯಲ್ದೂರಿನ ಹತ್ತಿರ ಜಾಗ ಸಿಕ್ಕಿತು. ನನ್ನ ದೊಡ್ಡಮ್ಮನ ಮಗಳು ಭಾರತಮ್ಮನ ಮನೆ ಊರಾಚೆ ತೋಟದಲ್ಲಿದೆ. ಮಾವಿನ ತೋಪಿನಾಚೆ ಒಂದು ದೊಡ್ಡ ಚಪ್ಪಟೆ ಬಂಡೆ. ಹುಣಸೆಹಣ್ಣು, ಹುರುಳಿ ಒಣಗಿಸುವ ಜಾಗ ಅದು. ಹತ್ತಲು ಸುಲಭ, ನಾಲ್ಕೂ ದಿಕ್ಕಿಗೆ ಆಕಾಶ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮನೆ. ಬಂಡೆಯ ಪಕ್ಕದ ಹೊಲದಲ್ಲಿ ಸಾಲಾಗಿ ಕಂಬ ನೆಟ್ಟು ತಂತಿ ಎಳೆದಿದ್ದರು. ಕೋಲಾರದವರ ಕಣ್ಣಿಗೆ ಕಂಬ, ತಂತಿ ಕಂಡರೆ ಅದು ಗಿಡ ಎತ್ತಿ ಕಟ್ಟುವ ಟೊಮೇಟೊ, ಬೇರೆ ಯೋಚನೆಯೇ ಬರುವುದಿಲ್ಲ. ನಮಗೂ ಬರಲಿಲ್ಲ. ನಾಟಿ ಮಾಡಿದ ಗಿಡ ಇನ್ನೂ ಬೆರಳುದ್ದ ಇತ್ತು, ದೂರದಿಂದ ಏನೆಂದು ಯಾರು ನೋಡುತ್ತಾರೆ.

ಕಹಕಶಾ ಬಂಡೆಯ ನಡುವೆ ಅಂಗಾತ ಮಲಗಿ ಎರಡೂ ಕೈ ಚಾಚಿದಳು. ಮಟಮಟ ಮಧ್ಯಾಹ್ನ, ಬಿಸಿಲಿಗೆ ಕಣ್ಣು ಮುಚ್ಚಿಕೊಂಡೇ, "ಇದೇ ಮೇಡಂ, ಇದೇ ಜಾಗ" ಎಂದಳು. ಭಾರತಮ್ಮನಿಗೆ ಮಕ್ಕಳು ಆಕಾಶ ನೋಡಲು ಬರುತ್ತಾರೆ ಎಂದು ಹೇಳಿದೆ. ಅವಳು ಅವರೆಕಾಳಿನ ಸಾರು ಮಾಡುತ್ತೇನೆ ಎಂದಳು. ಸಂಜೆಯಾದರೆ ಎದುರಿನ ಗಾಡಿಗಳ ಬೆಳಕಿಗೆ ಶಿವಶಂಕರ್‌ಗೆ ರಸ್ತೆ ಕಾಣುವುದಿಲ್ಲ, ಕಹಕಶಾಳ ಮನೆಯಲ್ಲಿ ಸಂಜೆಯ ಮಗ್ರಿಬ್ ನಮಾಜಿಗೆ ಮೊದಲು ಬಾ ಎಂದಿದ್ದರು. ಬಿಸಿಲಿರುವಾಗಲೇ ಖುಷಿಯಾಗಿ ವಾಪಸ್ ಹೊರಟೆವು.

ಉಲ್ಕಾಪಾತದ ಶನಿವಾರ ಇಪ್ಪತ್ತು ಚಿಲ್ಲರೆ ಹುಡುಗಿಯರು, ಇಬ್ಬರು ಟೀಚರು, ನಾಲ್ಕು ಜನ ತಾಯಂದಿರು, ಅತೀಕ್ ಸಾಹೇಬರು ವ್ಯಾನಿನಲ್ಲಿ ತುಂಬಿಕೊಂಡು ಹೊರಟೆವು. ಬಂಡೆ ತಣ್ಣಗಿರುತ್ತದೆ ಎಂದು ಅತೀಕ್ ಸಾಹೇಬರು ಅಂಗಡಿಯಿಂದ ಜಮಖಾನೆಗಳನ್ನು ಸುತ್ತಿ ತಂದಿದ್ದರು. ಹುಡುಗಿಯರು ಸ್ವೆಟರ್ ಹಾಕಿಕೊಂಡು, ಮಫ್ಲರ್ ಸುತ್ತಿಕೊಂಡು, ಯಾವುದೋ ದೇಶಕ್ಕೆ ಹೊರಟವರಂತೆ ಗಲಾಟೆ ಮಾಡುತ್ತಿದ್ದರು. ನಾನೂ ಆ ದಿನ ಯಾರನ್ನೂ ಗದರಲಿಲ್ಲ.

ಯಲ್ದೂರು ದಾಟಿ ತೋಟದ ದಾರಿಗೆ ತಿರುಗಿದಾಗ ಮಾವಿನ ಮರಗಳ ಸಂದಿಯಲ್ಲಿ ಹಳದಿ ಬೆಳಕು ಕಂಡಿತು. ಯಾರದೋ ಮದುವೆಮನೆ ಇರಬೇಕು ಎಂದುಕೊಂಡೆ. ತೋಪು ದಾಟಿದೆವು. ಮದುವೆಮನೆ ಎಲ್ಲಿಯದು, ಬಂಡೆಯ ಪಕ್ಕದ ಹೊಲ ಪೂರ್ತಿ ಉರಿಯುತ್ತಿತ್ತು. ಕಂಬದಿಂದ ಕಂಬಕ್ಕೆ, ಸಾಲಿನಿಂದ ಸಾಲಿಗೆ ಬಲ್ಬುಗಳು. ಬಂಡೆಯ ಮೇಲೆ ಬಿದ್ದ ಸೂಜಿಯನ್ನೂ ಹೆಕ್ಕಬಹುದು ಅಷ್ಟು ಬೆಳಕು.

ಭಾರತಮ್ಮ ಅಂಗಳದಲ್ಲಿ ನಗುತ್ತ ನಿಂತಿದ್ದಳು. "ನೋಡಿದ್ಯಾ ಅಕ್ಕಾ, ಎಷ್ಟು ಚೆನ್ನಾಗೈತೆ! ಸೇವಂತಿಗೆ ಲೈಟು. ಹುಡುಗೀರು ಬರ್ತಾರೆ, ಹುಳಹುಪ್ಪಟೆ ಇರ್ತಾವೆ ಅಂತ ನಾನೂ ಬಂಡೆ ಕಡೀಕೆ ಎರಡು ಫೋಕಸ್ ಲೈಟ್ ಹಾಕ್ಸಿದೀನಿ."

ಏನು ಹೇಳಲಿ ಅವಳಿಗೆ? ನೆಂಟರು ಬಂದರೆ ದೀಪ ಹಚ್ಚುವುದು ಅವಳು ಕಲಿತ ಮರ್ಯಾದೆ. ಕತ್ತಲೆ ಬೇಕು ಎಂದು ನಾನು ಹೇಳಿರಲೇ ಇಲ್ಲ.

ಭಾರತಮ್ಮನ ಎರಡು ದೀಪ ಆರಿದವು. ಹೊಲದ ದೀಪಗಳು ಆರಲಿಲ್ಲ. ಸೇವಂತಿಗೆಯ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ರಾತ್ರಿ ಉದ್ದವಾದರೆ ಆ ಗಿಡ ಬೆಳೆಯುವ ಮೊದಲೇ ಮೊಗ್ಗು ಬಿಟ್ಟುಬಿಡುತ್ತದೆ. ಅದಕ್ಕೇ ನಾಟಿಯಾದ ಮೊದಲ ತಿಂಗಳು ಸಂಜೆಯಿಂದ ನಾಲ್ಕೈದು ಗಂಟೆ ಬಲ್ಬು ಹಾಕಿ, ಇನ್ನೂ ಹಗಲಿದೆ ಎಂದು ಗಿಡವನ್ನು ನಂಬಿಸುತ್ತಾರೆ. ರಸ್ತೆಯಲ್ಲಿ ಹೋಗುವಾಗ ಅಂಥ ಹೊಲಗಳನ್ನು ನೂರು ಸಲ ನೋಡಿ ಚಂದ ಎಂದುಕೊಂಡಿದ್ದೇನೆ. ಆದರೆ ಬಲ್ಬು ಕಾಣುವುದು ರಾತ್ರಿ, ನಾವು ಕತ್ತಲೆ ಹುಡುಕಿದ್ದು ಹಗಲಲ್ಲಿ.

"ಹೊಲ ಯಾರದು?" ಎಂದೆ.

"ಮುನೇಶಂದು. ಮಾಲೆ ಹಾಕಿದಾನೆ. ಶಬರಿಮಲೆಗೆ ಹೋಗವ್ನೆ. ಮನೇಲಿ ಹೆಂಡ್ತಿ ಒಬ್ಳೇ."

ಅವಳಿಂದ ನಂಬರು ತೆಗೆದುಕೊಂಡು ಮುನೇಶನಿಗೆ ಫೋನ್ ಮಾಡಿದೆ. ಆ ಕಡೆ ಜನರ ಗದ್ದಲ, ಶರಣು ಕೂಗುವ ಸದ್ದು. ವಿಷಯ ಹೇಳಿದೆ. ಎರಡು ಗಂಟೆ ಹೊತ್ತು ದೀಪ ಆರಿಸಿದರೆ ಸಾಕು ಎಂದೆ.

"ಸ್ವಾಮಿ ಶರಣಂ, ಮೇಡಂ. ಆಗಲ್ಲ ಮೇಡಂ. ಒಂದು ದಿನ ತಪ್ಪಿದ್ರೂ ಗಿಡ ಮೊಗ್ಗಿಗೆ ಬರ್ತದೆ. ಶಿವರಾತ್ರಿಗೆ ಹೂವು ಬೇಕು ನಂಗೆ. ಬೇಜಾರ್ ಮಾಡ್ಕೋಬೇಡಿ, ಮೇಡಂ."

ನನ್ನ ಸಿಟ್ಟು ಏರಿತು. ಮಕ್ಕಳ ಓದಿಗಿಂತ ಹೂವು ಹೆಚ್ಚಾಯಿತೇ ಎಂದು ಕೂಗಿದೆ. ಜಗಳವಾಡಲು ಎದುರಿನವನೂ ಕೂಗಬೇಕು. ವ್ರತದಲ್ಲಿರುವವನ ಜೊತೆ ಏನು ಜಗಳ? ನಾನು ಕೂಗಿದಷ್ಟೂ ಅವನು ಮೆತ್ತಗೆ, "ಸ್ವಾಮಿ ಶರಣಂ, ಮೇಡಂ" ಎನ್ನುತ್ತ ಹೋದ. ಕೊನೆಗೆ ಲೈನು ಕಟ್ಟಾಯಿತು. ಪಕ್ಕದಲ್ಲಿ ನಿಂತಿದ್ದ ಕಹಕಶಾ ನನ್ನನ್ನು ನೋಡಿದ ರೀತಿಯಲ್ಲಿ, ನಾನೇ ಮೆತ್ತಗೆ ಕೇಳಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ಇತ್ತು. ಬಾಯಿಬಿಟ್ಟು ಕೇಳಲಿಲ್ಲ, ಪುಣ್ಯಾತ್ಗಿತ್ತಿ.

ಅವಳು ಹುಡುಗಿಯರನ್ನು ಬಂಡೆಯ ಆಚೆಯ ಅಂಚಿಗೆ ಕರೆದುಕೊಂಡು ಹೋಗಿ ಹೊಲಕ್ಕೆ ಬೆನ್ನು ಮಾಡಿ ಕೂರಿಸಿದಳು. ತಾಯಂದಿರು ಜಮಖಾನೆಯೊಂದನ್ನು ಪರದೆಯ ಹಾಗೆ ಎತ್ತಿ ಹಿಡಿದರು. ಆಕಾಶ ಮಾತ್ರ ಹಾಲಿಗೆ ನೀರು ಬೆರೆಸಿದಂತೆ ಮಸುಕಾಗಿಯೇ ಇತ್ತು. ದೊಡ್ಡ ನಕ್ಷತ್ರ ನಾಲ್ಕೋ ಐದೋ. ಕೋಲಾರದ ತಾರಸಿಯ ಮೇಲೆ ನಿಂತರೂ ಅಷ್ಟು ಕಾಣುತ್ತದೆ.

"ಮಿಸ್, ಬಿತ್ತಾ?" ಎಂದು ಒಬ್ಬಳು ಕೇಳಿದಳು.

"ಇನ್ನೂ ಇಲ್ಲ. ನೋಡ್ತಿರಿ."

"ವಿಮಾನ ಬಂತು, ಮಿಸ್."

ನಗು ಎದ್ದಿತು, ಅಲ್ಲೇ ಆರಿತು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಹುಡುಗಿಯರು ಮೊದಲು ಕತ್ತು ನೋವು ಎಂದರು, ಆಮೇಲೆ ಚಳಿ ಎಂದರು, ಆಮೇಲೆ ಏನೂ ಹೇಳದೆ ಕೂತರು. ಅತೀಕ್ ಸಾಹೇಬರು ಒಂದು ಜಮಖಾನೆಯನ್ನು ಮೆಲ್ಲಗೆ ಸುತ್ತಲು ಶುರುಮಾಡಿದರು. ಸಿಟ್ಟಿನಿಂದಲ್ಲ. ಅವರ ಮುಖದಲ್ಲಿ ಒಂದು ಥರ ಸಂಕೋಚವಿತ್ತು, ಸೋತವರನ್ನು ನೋಡಬಾರದು ಎಂಬಂತೆ.

"ಊಟ ಮಾಡ್ಕೊಂಡು ಹೊರಡೋಣ, ಮೇಡಂ. ನಿಮ್ದೇನೂ ತಪ್ಪಿಲ್ಲ," ಎಂದರು.

ಇಶ್ರತ್ ಎದ್ದು ಅಪ್ಪನ ಕೈಯಿಂದ ಜಮಖಾನೆಯ ತುದಿ ಹಿಡಿದುಕೊಂಡಳು. "ಅಬ್ಬಾ, ಇನ್ನೊಂದು ಸ್ವಲ್ಪ ಹೊತ್ತು."

"ಏನು ನೋಡ್ತೀಯ ಬೇಟಾ, ಬಲ್ಬಾ?"

ಅವಳು ತುದಿ ಬಿಟ್ಟಳು. ಇದು ಇವತ್ತಿನ ಮಾತಲ್ಲ. ಅವಳ ತಂಗಿಯರಿಗೆ, ಈ ತಾಯಂದಿರ ಉಳಿದ ಮಕ್ಕಳಿಗೆ, ಮುಂದೆ ಯಾವಾಗಲಾದರೂ ರಾತ್ರಿ ಎಂದರೆ ಇದೇ ಉದಾಹರಣೆ. ಕರ್ಕೊಂಡು ಹೋಗಿದ್ರಲ್ಲ, ಏನು ನೋಡಿದ್ರಿ, ಬಲ್ಬು.

ಆಗ ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಬರುವುದು ಕಂಡಿತು. ಬೆಳಕು ಅವಳ ಹಿಂದಿತ್ತು, ಮುಖ ಗುರುತು ಸಿಗಲಿಲ್ಲ. ಹತ್ತಿರ ಬಂದು, "ನಮಸ್ಕಾರ ಮೇಡಂ. ನಾನು ಶ್ರೀವಾಣಿ," ಎಂದಳು.

ಹತ್ತನೇ ತರಗತಿಯ ಶ್ರೀವಾಣಿ. ಕೋಲಾರದಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ನಮ್ಮ ಶಾಲೆಯಲ್ಲಿ ಓದಿದವಳು. ಮುನೇಶನ ಹೆಂಡತಿ ಇವಳೇ ಎಂದು ನನಗೆ ಗೊತ್ತಿರಲಿಲ್ಲ.

"ನೀವು ಫೋನಲ್ಲಿ ಕೂಗಿದ್ದು ನಮ್ಮನೆ ತನಕ ಕೇಳಿಸ್ತು, ಮೇಡಂ. ದನಿ ಕೇಳಿದ ತಕ್ಷಣ ಗೊತ್ತಾಯ್ತು," ಎಂದು ನಕ್ಕಳು. ಆಮೇಲೆ ಬಂಡೆಯ ಮೇಲೆ ಮುದುಡಿ ಕೂತಿದ್ದ ಹುಡುಗಿಯರನ್ನು ನೋಡಿದಳು. "ವಾಪಸ್ ಹೊರಟ್ರಾ?"

"ಇನ್ನೇನು ಮಾಡೋದು?"

"ಹಂಪಿ ಟೂರಿನ ದಿನ ನಮ್ಮಪ್ಪ ಬಂದು ನನ್ನ ಬಸ್ಸಿಂದ ಇಳಿಸ್ಕೊಂಡು ಹೋದ್ರಲ್ಲ ಮೇಡಂ, ನೆನಪಿದ್ಯಾ? ನೀವು ಬಾಗಿಲಲ್ಲಿ ನಿಂತು ಜಗಳ ಆಡಿದ್ರಿ. ಆಗ್ಲಿಲ್ಲ. ಬ್ಯಾಗ್ ಮಾತ್ರ ಹಂಪಿಗೆ ಹೋಗಿ ಬಂತು."

ನೆನಪಿತ್ತು. ಬಸ್ಸಿನ ಮೇಲೆ ಕಟ್ಟಿದ್ದ ಅವಳ ಬ್ಯಾಗನ್ನು ಇಳಿಸುವುದನ್ನು ಎಲ್ಲರೂ ಮರೆತಿದ್ದರು.

"ದೀಪ ನಾನು ಆರಿಸ್ತೀನಿ," ಎಂದಳು. "ಒಂಬತ್ತೂವರೆ ತನಕ ಸಾಕು ತಾನೆ ನಿಮಗೆ? ಅವಾಗ ಹಾಕಿ, ಎಷ್ಟು ಹೊತ್ತು ತಪ್ಪಿತೋ ಅಷ್ಟು ಹೊತ್ತು ಜಾಸ್ತಿ ಉರಿಸ್ತೀನಿ. ಕೂತಿರ್ತೀನಿ."

"ಗಿಡಕ್ಕೆ ಏನಾದ್ರೂ ಆದ್ರೆ?"

"ಆಗಬಹುದು, ಆಗ್ದೇನೂ ಇರಬಹುದು. ನಂಗೂ ಗೊತ್ತಿಲ್ಲ, ಮೇಡಂ." ಅವಳ ದನಿ ಸಣ್ಣದಾಯಿತು. "ಆದ್ರೆ ಲೈಟ್ ಆರಿದ್ರೆ ಊರಿಗೆಲ್ಲ ಕಾಣ್ತದೆ. ನಮ್ಮ ಮೈದುನ ಓಡಿ ಬರ್ತಾನೆ. ಅವನ ಬಾಯಿಗೆ ನಾನು ಎದುರು ನಿಲ್ಲೋಕಾಗಲ್ಲ."

"ಅವನ ಬಾಯಿ ನನಗೆ ಬಿಡು," ಎಂದೆ. "ನೀನು ಹೋಗಿ ಮಕ್ಕಳ ಜೊತೆ ಬಂಡೆ ಮೇಲೆ ಮಲ್ಕೋ."

ಹೊಲದ ಮೂಲೆಯಲ್ಲಿ ಮೋಟಾರ್ ಶೆಡ್ಡು. ಸ್ವಿಚ್ಚುಗಳಿದ್ದದ್ದು ಅಲ್ಲಿ. ಶ್ರೀವಾಣಿ ಒಂದೊಂದೇ ಆರಿಸಿದಳು. ಒಂದೊಂದು ಸ್ವಿಚ್ಚಿಗೂ ಹೊಲದ ಒಂದೊಂದು ಪಟ್ಟೆ ಕಣ್ಮರೆಯಾಯಿತು. ಕೊನೆಯದು ಆರಿದಾಗ ನನಗೆ ನನ್ನ ಕೈಯೇ ಕಾಣಲಿಲ್ಲ. ಅವಳು ಬಂಡೆಯ ಕಡೆ ಓಡಿದ ಸದ್ದು ಕೇಳಿಸಿತು. ಮದುವೆಯಾದ ಹೆಂಗಸು ಹಾಗೆ ಓಡುವುದನ್ನು ಕೇಳಿ ಬಹಳ ಕಾಲವಾಗಿತ್ತು.

ನಾನು ಶೆಡ್ಡಿನ ಬಾಗಿಲಲ್ಲಿ ಒಂದು ಗೊಬ್ಬರದ ಮೂಟೆಯ ಮೇಲೆ ಕೂತೆ. ತಲೆಯ ಮೇಲೆ ಶೀಟು, ಎದುರಿಗೆ ಊರಿನ ದಾರಿ, ಬಂಡೆ ನನ್ನ ಬೆನ್ನಿಗೆ. ಬಂಡೆಯ ಮೇಲೆ ಕಹಕಶಾ ಹೇಳುತ್ತಿದ್ದಳು: "ಫೋನ್ ಯಾರೂ ತೆಗೀಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕು. ಅವಸರ ಮಾಡಬೇಡಿ." ಆಮೇಲೆ ಯಾರೂ ಮಾತಾಡಲಿಲ್ಲ. ಅಷ್ಟು ಹುಡುಗಿಯರು ಒಟ್ಟಿಗೆ ಸುಮ್ಮನಿದ್ದದ್ದನ್ನು ಪರೀಕ್ಷೆಯ ಕೊಠಡಿಯಲ್ಲೂ ನಾನು ಕಂಡಿಲ್ಲ.

ನಂತರ ಒಂದು ದನಿ, "ಅಗೋ!"

ಅದರ ಹಿಂದೆಯೇ ಎಲ್ಲರ ಕೂಗು. ಎಲ್ಲಿ, ಎಲ್ಲಿ, ಅಯ್ಯೋ ನಾನು ನೋಡ್ಲಿಲ್ಲ, ಇನ್ನೊಂದು, ಅಲ್ಲಿ, ಆ ಕಡೆಯಿಂದ ಈ ಕಡೆ ತನಕ! ನಾನು ಎದ್ದು ಹೊರಗೆ ಬರಬೇಕೆಂದುಕೊಂಡೆ. ಅಷ್ಟರಲ್ಲಿ ಊರಿನ ದಾರಿಯಲ್ಲಿ ಬೈಕಿನ ಬೆಳಕು ಕಂಡಿತು. ವಾಪಸ್ ಕೂತೆ.

ಶ್ರೀವಾಣಿಯ ಮೈದುನ ಕದಿರೇಶ್ ಬೈಕನ್ನು ಅರ್ಧ ದಾರಿಯಲ್ಲೇ ಬಿಟ್ಟು ಟಾರ್ಚು ಹಿಡಿದು ಅತ್ತಿಗೆಯನ್ನು ಕೂಗುತ್ತ ಓಡಿ ಬಂದ. "ವದಿನಾ! ಏನಾಯ್ತು, ಟ್ರಿಪ್ ಆಯ್ತಾ? ಅಣ್ಣ ನನ್ನ ಸಾಯಿಸ್ತಾನೆ..."

"ಟಾರ್ಚ್ ಆರಿಸು," ಎಂದೆ.

ಆ ದನಿಯನ್ನು ನಾನು ಬಹಳ ವರ್ಷ ಪ್ರಾರ್ಥನೆಯ ಮೈದಾನದಲ್ಲಿ ಬಳಸಿದ್ದೇನೆ. ಮೈಕು ಬೇಕಾಗಿಲ್ಲ. ಅವನು ಆರಿಸಿದ. ಆಮೇಲೆ ತಾನು ಯಾಕೆ ಆರಿಸಿದೆ ಎಂದು ಅವನಿಗೇ ಆಶ್ಚರ್ಯವಾಗಿರಬೇಕು. "ಯಾರ್ರೀ ನೀವು?" ಎಂದ.

ಹೇಳಿದೆ. ಈ ಸಲ ಕೂಗಲಿಲ್ಲ. ಯಾಕೆ ಬಂದೆವು, ಎಷ್ಟು ಜಾಗ ಹುಡುಕಿದೆವು, ಈ ರಾತ್ರಿ ಹೋದರೆ ಇನ್ನೊಂದು ಯಾಕೆ ಸಿಗುವುದಿಲ್ಲ, ಎಲ್ಲ ಹೇಳಿದೆ. ಅವನು ತಲೆ ಕೆರೆದುಕೊಂಡ. "ಅದು ಸರಿ ಮೇಡಂ. ಆದ್ರೆ ಅಣ್ಣಂಗೆ ನಾನು ಹೇಳ್ಲೇಬೇಕು. ಆಮೇಲೆ ಗೊತ್ತಾದ್ರೆ ನನ್ನ ತಲೆಗೆ ಬರ್ತದೆ," ಎಂದು ಅಲ್ಲೇ ಫೋನು ಹಚ್ಚಿದ. ತಡೆಯಲು ನನಗೆ ಯಾವ ಹಕ್ಕೂ ಇರಲಿಲ್ಲ. ಹೊಲ ಅವರದು.

ಅವನು ಅಣ್ಣನಿಗೆ ಎರಡು ಮಾತು ಹೇಳಿ, "ವದಿನಾ, ಸ್ವಾಮಿ ಕರೀತಾರೆ!" ಎಂದು ಬಂಡೆಯ ಕಡೆ ಕೂಗಿದ. ಮಾಲೆ ಹಾಕಿದವನು ಮಾಲೆ ತೆಗೆಯುವವರೆಗೆ ಮನೆಯವರಿಗೂ ಸ್ವಾಮಿಯೇ. ಶ್ರೀವಾಣಿ ಬಂದಳು. ಕತ್ತಲಲ್ಲಿ ಫೋನಿನ ಬೆಳಕು ಅವಳ ಕೆನ್ನೆಯ ಮೇಲೆ ಬಿದ್ದಿತ್ತು. ಫೋನು ನನಗೆ ಕೊಡು, ನನ್ನ ಬಲವಂತ ಎಂದು ಹೇಳುತ್ತೇನೆ ಎಂದು ಸನ್ನೆ ಮಾಡಿದೆ. ಅವಳು ತಲೆಯಾಡಿಸಿದಳು, ಬೇಡ ಎಂದು.

"ಹ್ಞೂಂ ಸ್ವಾಮಿ. ನಾನೇ ಆರಿಸ್ದೆ."

ಆ ಕಡೆಯಿಂದ ಏನೋ ಮಾತು.

"ಇಲ್ಲ ಸ್ವಾಮಿ, ಮೇಡಂ ಹೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಮಕ್ಕಳು ವಾಪಸ್ ಹೊರಟಿದ್ರು. ನನ್ ಕೈಲಿ ನೋಡೋಕಾಗ್ಲಿಲ್ಲ." ಉಸಿರು ಎಳೆದುಕೊಂಡಳು. "ಇನ್ನೂ ಅರ್ಧ ಗಂಟೆ ಹಾಕಲ್ಲ. ಒಂಬತ್ತೂವರೆಗೆ ಹಾಕ್ತೀನಿ, ರಾತ್ರಿ ಒಂದು ಗಂಟೆ ತನಕ ಕೂತು ಉರಿಸ್ತೀನಿ. ಮೊಗ್ಗು ಬಂದ್ರೆ ನನ್ನನ್ನೇ ಅನ್ನಿ. ಊರಿಗೆ ಬಂದು, ಮಾಲೆ ತೆಗೆದ ಮೇಲೆ ಅನ್ನಿ."

ಕದಿರೇಶ್ ಬಾಯಿ ತೆರೆದುಕೊಂಡು ನಿಂತಿದ್ದ. ಆಮೇಲೆ ಮುನೇಶ ಏನೋ ಕೇಳಿದ. ಶ್ರೀವಾಣಿಯ ಮುಖ ಸಡಿಲವಾಯಿತು.

"ನಾನೂ ನೋಡ್ದೆ ಸ್ವಾಮಿ," ಎಂದಳು. "ನಾಲ್ಕು ನೋಡ್ದೆ. ಒಂದು ಹಸಿರು ಬಣ್ಣದ್ದು. ಇಷ್ಟು ದಿನ ದಿನಾ ಈ ಹೊಲದಾಗೇ ಇದ್ದೆ, ಮೇಲೆ ಇಷ್ಟೊಂದು ಚುಕ್ಕಿ ಐತೆ ಅಂತ ಗೊತ್ತೇ ಇರ್ಲಿಲ್ಲ."

ಫೋನು ಇಟ್ಟಳು. ಅವನು ಏನಂದ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: "ಸ್ವಾಮಿ ಶರಣಂ ಅಂದ್ರು. ಅದು ಸಿಟ್ಟಿಗೋ ಸರಿ ಅಂತಾನೋ ಊರಿಗೆ ಬಂದ ಮೇಲೆ ಗೊತ್ತಾಗ್ತದೆ." ನಗುತ್ತಲೇ ಕಣ್ಣೊರೆಸಿಕೊಂಡು ಮತ್ತೆ ಬಂಡೆಗೆ ಹೋದಳು.

ಕದಿರೇಶ್ ಹೋಗಲಿಲ್ಲ. ಬದುವಿನ ಮೇಲೆ ಕೂತು ಕತ್ತೆತ್ತಿದ. ಸ್ವಲ್ಪ ಹೊತ್ತಿಗೆ, "ಅಬ್ಬಬ್ಬಾ!" ಎಂದು ತನ್ನಷ್ಟಕ್ಕೇ ಹೇಳಿಕೊಂಡ. ನಾನು ಗೊಬ್ಬರದ ಮೂಟೆಯ ಮೇಲೆಯೇ ಇದ್ದೆ. ಇನ್ನೂ ಯಾರಾದರೂ ಬಂದರೆ ಎಂಬ ಭಯ ಹೋಗಿರಲಿಲ್ಲ. ಎದುರಿಗೆ ಕತ್ತಲಲ್ಲಿ ಆ ಪುಟ್ಟ ಗಿಡಗಳು ನಿಂತಿದ್ದವು. ರಾತ್ರಿ ಎಂಬುದೇ ಇಲ್ಲ ಎಂದು ನಂಬಿಸಿ ಬೆಳೆಸುತ್ತಿದ್ದ ಗಿಡಗಳು. ನಮ್ಮನ್ನೂ ಹಾಗೆಯೇ ಬೆಳೆಸಿದ್ದರು ಎನಿಸಿತು. ಆರು ಗಂಟೆಯ ಆಚೆಗೆ ಏನೂ ಇಲ್ಲ, ದೀಪ ಹಚ್ಚಿ ಒಳಗೆ ಬಾ ಎಂದು. ಐವತ್ತು ದಾಟಿದ ನಾನು, ಇಷ್ಟು ಜೋರು ಬಾಯಿಯ ನಾನು, ರಾತ್ರಿಯ ಜಾಗವನ್ನು ಹಗಲಲ್ಲಿ ಹುಡುಕಿ ಖುಷಿಯಾಗಿ ಮನೆಗೆ ಹೋಗಿದ್ದೆ. ನನ್ನ ಮೇಲೆ ನನಗೇ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ದುಃಖ ಬಂತು.

ಹೇಳಿದ ಹೊತ್ತಿಗೆ ಶ್ರೀವಾಣಿ ಬಂದು ಸ್ವಿಚ್ಚು ಹಾಕಿದಳು. ಒಂದೇ ಸಲಕ್ಕೆ ಆಕಾಶ ಮಾಯವಾಯಿತು. ಬಂಡೆಯ ಮೇಲಿಂದ "ಅಯ್ಯೋ" ಎಂಬ ಉದ್ದನೆಯ ರಾಗ ಬಂತು. ಬೆಳಕಿನಲ್ಲಿ ಹುಡುಗಿಯರ ಮುಖ ನೋಡಿದೆ. ನಾನು ಒಂದು ಉಲ್ಕೆಯನ್ನೂ ನೋಡಲಿಲ್ಲ, ಅದರ ಬೇಸರ ಅಲ್ಲಿಗೆ ಹೋಯಿತು. ಅತೀಕ್ ಸಾಹೇಬರ ಟೋಪಿ ಹಿಂದಕ್ಕೆ ಸರಿದಿತ್ತು, ಬೆನ್ನ ತುಂಬ ಜಮಖಾನೆಯ ನೂಲು. ಅವರೂ ಮಲಗಿಕೊಂಡೇ ನೋಡಿದ್ದಾರೆ ಎಂದು ಗೊತ್ತಾಯಿತು.

ಊಟ ಅವಸರದಲ್ಲಿ ಮುಗಿಯಿತು. ಭಾರತಮ್ಮ ಮುದ್ದೆ ಬಡಿಸುತ್ತ, "ಕತ್ತಲ್ನ ನೋಡಕ್ಕೆ ಅಷ್ಟು ದೂರದಿಂದ ಬಂದ್ರಾ?" ಎಂದು ಕೇಳುತ್ತಲೇ ಇದ್ದಳು. ಹೊರಡುವಾಗ ಶ್ರೀವಾಣಿ ಶೆಡ್ಡಿನ ಮುಂದೆ ಕಂಬಳಿ ಹೊದ್ದು ಕೂತಿದ್ದಳು, ಒಂದು ಗಂಟೆಯ ತನಕ ಕಾಯಲು. ಕದಿರೇಶ್ ಅವಳಿಗೆ ಟೀ ತಂದಿದ್ದ. ನಾನು ಅವಳ ತಲೆಯ ಮೇಲೆ ಕೈಯಿಟ್ಟೆ. ಜಾರಿದ್ದ ಕಂಬಳಿಯನ್ನು ಮೇಲಕ್ಕೆಳೆದು ಹೊದಿಸಿದೆ.

ವ್ಯಾನಿನಲ್ಲಿ ಅರ್ಧ ಹುಡುಗಿಯರು ನಿದ್ದೆ ಹೋದರು, ಉಳಿದರ್ಧ ಎಷ್ಟು ನೋಡಿದೆವೆಂದು ಜಗಳವಾಡಿದರು. ಇಶ್ರತ್ ಅಪ್ಪನ ಭುಜಕ್ಕೆ ಒರಗಿದ್ದಳು. ಕೋಲಾರದ ದೀಪಗಳು ಹತ್ತಿರವಾದಾಗ ಅತೀಕ್ ಸಾಹೇಬರು ನನ್ನ ಕಡೆ ತಿರುಗಿದರು.

"ಮೇಡಂ, ಮುಂದಿನ ವರ್ಷ ಯಾವ ತಾರೀಕು?"

ಹಿಂದಿನ ಸೀಟಿನಲ್ಲಿದ್ದ ಕಹಕಶಾ ನೆಟ್ಟಗೆ ಕೂತಳು. ನಾನು ಸಾಧ್ಯವಾದಷ್ಟು ಸಹಜವಾಗಿ, "ಇದೇ ತಾರೀಕಿನ ಆಸುಪಾಸು," ಎಂದೆ.

"ನಮ್ಮ ಛೋಟಿನೂ ಬರಬೇಕು ಅಂತಾಳೆ, ಗ್ಯಾರಂಟಿ. ಜಾಗ ಮಾತ್ರ ಈ ಸಲದ ಥರ ಆಗ್ಬಾರ್ದು. ಮೊದ್ಲೇ ಹೋಗಿ ಸರಿಯಾಗಿ ನೋಡ್ಕೊಂಡು ಬನ್ನಿ."

"ನೋಡ್ಕೊಂಡು ಬರ್ತೀವಿ," ಎಂದೆ. "ನಾನು, ಕಹಕಶಾ, ಇಬ್ರೇ ಹೋಗ್ತೀವಿ. ರಾತ್ರಿ ಹೋಗ್ತೀವಿ."

ಅವರು ನನ್ನನ್ನು ನೋಡಿದರು. ರಾತ್ರಿಯಾ ಎಂಬ ಮಾತು ಅವರ ಬಾಯಿಯ ತನಕ ಬಂದದ್ದು ನನಗೆ ಕಂಡಿತು. ಬಂದದ್ದು ಅಲ್ಲೇ ನಿಂತಿತು. ಕಿಟಕಿಯಾಚೆ ನೋಡಿ, ಟೋಪಿ ಸರಿಮಾಡಿಕೊಂಡು, "ಹಾಗಾದ್ರೆ ಟಾರ್ಚ್ ಇಟ್ಕೊಂಡು ಹೋಗಿ," ಎಂದರು.